ರೋಗ ಇಳಿದರೂ ಹುಡುಗ ಹೊಲಕ್ಕೆ ಯಾಕೆ ಹೋಗುತ್ತಿಲ್ಲ?

‘ಗುಳಿಗಿ ತಗೋತಾನ, ಕೂಗಾಡೋದು ನಿಂತೈತಿ, ರಾತ್ರಿ ಮಲಗ್ತಾನ. ಆದ್ರ ಏನ್ ಕೆಲಸ ಹೇಳಿದ್ರೂ ಅರ್ಧಕ್ಕ ಬಿಟ್ಟು ಕೂತ್‌ಬಿಡ್ತಾನ. ಬರೇ ಸೋಮಾರಿ ಆಗ್ಯಾನ ನೋಡ್ರಿ.’

ಮಾನಸಿಕ ರೋಗಕ್ಕೆ ಚಿಕಿತ್ಸೆ ಪಡೆದು ಮನೆಗೆ ಮರಳಿದ ಮಗನ ಬಗ್ಗೆ ಇಂಥ ಮಾತು ಆದೋನಿ, ಆಲೂರು, ಕೋಸಿಗಿ, ಹೊಳಗುಂದ ಕಡೆ ಹೊಸದೇನಲ್ಲ. ಕನ್ನಡದ ಮನೆಯಲ್ಲಿ ಕನ್ನಡದಲ್ಲಿ, ತೆಲುಗು ಮನೆಯಲ್ಲಿ ತೆಲುಗಿನಲ್ಲಿ ಇದೇ ದೂರು. ರೋಗ ಹತ್ತಿದಾಗಲೂ ಹಾಗೆಯೇ. ನಾವು ‘ಗಾಳಿ ಬಡದೈತಿ’ ಅನ್ನುತ್ತೇವೆ, ಪಕ್ಕದ ಮನೆಯವರು ‘ಗಾಲಿ ಸೋಕಿಂದಿ’ ಅನ್ನುತ್ತಾರೆ. ಮಂತ್ರಾಲಯಕ್ಕೆ, ಉರುಕುಂದಿ ಈರಣ್ಣನಿಗೆ, ದರ್ಗಾಕ್ಕೆ ಹರಕೆ ಹೊತ್ತು, ಆಮೇಲೆ ಯಾರೋ ತಿಳಿದವರು ಹೇಳಿ ಆಸ್ಪತ್ರೆಗೆ ಹೋಗಿ, ಗುಳಿಗೆ ಹಿಡಿದು, ಅಂತೂ ಗದ್ದಲ ಅಡಗಿದ ಮೇಲೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಹುಡುಗ ಮೊದಲಿನಂತೆ ಆಗುವುದಿಲ್ಲ. ಕುಂಟೆ ಹೊಡೆಯಲು ಕಳಿಸಿದರೆ ನಾಲ್ಕು ಸಾಲು ಹೊಡೆದು ಬದುವಿನ ಮೇಲೆ ಕೂಡುತ್ತಾನೆ. ಅಂಗಡಿಯಲ್ಲಿ ಕೂಡಿಸಿದರೆ ಒಬ್ಬ ಗಿರಾಕಿ ಇರುವಾಗ ಇನ್ನೊಬ್ಬ ಬಂದರೆ ತಬ್ಬಿಬ್ಬಾಗುತ್ತಾನೆ.

ಆಗ ಮನೆಯಲ್ಲಿ ಎರಡು ತೀರ್ಮಾನ ಹುಟ್ಟುತ್ತವೆ. ಒಂದು, ‘ಮದುವಿ ಮಾಡಿದ್ರ ಜವಾಬ್ದಾರಿ ಬರ್ತೈತಿ.’ ಇನ್ನೊಂದು, ‘ಗುಳಿಗಿಯಿಂದಾನ ಹಿಂಗಾತು, ನಿಲ್ಲಿಸಿಬಿಡೂಣು.’ ಎರಡೂ ಅಪಾಯವೇ. ಮೊದಲನೆಯದರಲ್ಲಿ ಏನೂ ಅರಿಯದ ಒಂದು ಹೆಣ್ಣುಮಗಳ ಬಾಳು ಸಿಕ್ಕಿಕೊಳ್ಳುತ್ತದೆ. ಎರಡನೆಯದರಲ್ಲಿ ಕೆಲವು ವಾರ, ಕೆಲವು ತಿಂಗಳಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು.

ವೈದ್ಯರು ಹೇಳುವ ಮೂರನೆಯ ಕಾರಣ ಒಂದಿದೆ. ಅದು ನಮ್ಮ ಕಡೆ ಇನ್ನೂ ಅಷ್ಟಾಗಿ ಕಿವಿಗೆ ಬಿದ್ದಿಲ್ಲ.

ಗುಳಿಗೆ ಮುಟ್ಟದ ಭಾಗ

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ರೋಗ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇರುತ್ತದೆ. ಮೂರು ಸಾವಿರ ಜನರ ಹಳ್ಳಿಯೆಂದರೆ ಸರಾಸರಿ ಹತ್ತು ಮಂದಿ ಎಂದಾಯಿತು. ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ಅಂದರೆ ಮಗ ನೊಗಕ್ಕೆ ಹೆಗಲು ಕೊಡುವ ವಯಸ್ಸಿನಲ್ಲೇ.

ಯಾರೂ ಇಲ್ಲದಿದ್ದರೂ ಮಾತು ಕೇಳಿಸುವುದು, ಊರವರೆಲ್ಲ ತನ್ನ ಮೇಲೆ ಕತ್ತಿ ಮಸೆಯುತ್ತಿದ್ದಾರೆಂಬ ಸಂಶಯ, ಅರ್ಥವಿಲ್ಲದ ಸಿಟ್ಟು, ಇವು ಹೊರಗೆ ಕಾಣುವ ಲಕ್ಷಣಗಳು. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದಾಗಿನಿಂದ ಇವನ್ನು ತಗ್ಗಿಸುವ ಔಷಧಗಳು ಒಂದರ ಹಿಂದೊಂದು ಬಂದವು. ಇವತ್ತು ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತವೆ. ಆದರೆ ರೋಗದ ಇನ್ನೊಂದು ಭಾಗ ಸದ್ದಿಲ್ಲದ್ದು. ಗಮನ ನಿಲ್ಲುವುದಿಲ್ಲ. ಹೇಳಿದ ಮಾತು ತಲೆಯಲ್ಲಿ ಉಳಿಯುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಯೋಜನೆ ಹೊಂದುವುದಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಬುದ್ಧಿ ಹೊರಳುವುದಿಲ್ಲ. ಈ ಭಾಗದ ಮೇಲೆ ಗುಳಿಗೆಯ ಪ್ರಭಾವ ಬಹಳ ಕಡಿಮೆ.

ಮನೆಯವರು ಸೋಮಾರಿತನ ಅನ್ನುವುದರಲ್ಲಿ ಬಹುಪಾಲು ಇದೇ ಇರುತ್ತದೆ. ಹಾಗೆಂದು ಎಲ್ಲಕ್ಕೂ ಇದೇ ಕಾರಣ ಎನ್ನಲಾಗದು. ಗುಳಿಗೆಯ ಪ್ರಮಾಣ ಹೆಚ್ಚಾದರೂ ಮಂಪರು, ಕೈಕಾಲು ಬಿಗಿತ ಬರುತ್ತವೆ. ಮನಸ್ಸು ಕುಗ್ಗಿದ್ದರೂ ಏಳಲು ಆಗುವುದಿಲ್ಲ. ಯಾವುದು ಯಾವುದೆಂದು ವೈದ್ಯರೇ ಬಿಡಿಸಿ ನೋಡಬೇಕು.

ಬುದ್ಧಿ ಹೊರಳುವುದೆಂದರೆ

ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಂಗಾರು ಕೈಕೊಟ್ಟರೆ ಹತ್ತಿಯ ಆಸೆ ಬಿಟ್ಟು ಹಿಂಗಾರಿಗೆ ಜೋಳ, ಕಡಲೆ ಅಂತ ಲೆಕ್ಕ ಬದಲಿಸುತ್ತಾನೆ. ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ ರೇಟು ಬೆಳಿಗ್ಗೆ ಇದ್ದಂತೆ ಮಧ್ಯಾಹ್ನ ಇಲ್ಲದಿದ್ದರೆ ಕಮಿಷನ್ ಏಜೆಂಟನೂ ಮಾತು ಬದಲಿಸುತ್ತಾನೆ. ಹಮಾಲಿಯ ಹತ್ತಿರ ಕನ್ನಡ, ಗುಮಾಸ್ತನ ಹತ್ತಿರ ತೆಲುಗು, ಕೆಲವು ಸಾಹುಕಾರರ ಹತ್ತಿರ ಹಿಂದಿ, ಎಲ್ಲ ಒಂದೇ ಉಸಿರಿನಲ್ಲಿ ನಡೆಯುತ್ತದೆ. ಗುಂತಕಲ್ ಜಂಕ್ಷನ್ನಿನಲ್ಲಿ ಪಾಯಿಂಟು ಎಳೆದರೆ ಗಾಡಿ ಹಳಿ ಬದಲಿಸುವ ಹಾಗೆ ನಮ್ಮ ಬುದ್ಧಿಯೂ ದಿನಕ್ಕೆ ಎಷ್ಟೋ ಸಲ ಹಳಿ ಬದಲಿಸುತ್ತದೆ. ಆ ಪಾಯಿಂಟು ತುಕ್ಕು ಹಿಡಿದರೆ ಏನಾಗುತ್ತದೆ ಎಂಬುದು ಮನೆಯಲ್ಲಿ ರೋಗಿ ಇದ್ದವರಿಗೆ ಗೊತ್ತು.

ಇದನ್ನು ಅಳೆಯಲು ಮನಶ್ಶಾಸ್ತ್ರಜ್ಞರು 1948ರಿಂದ ಒಂದು ಕಾರ್ಡಿನ ಪರೀಕ್ಷೆ ಬಳಸುತ್ತ ಬಂದಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ್ದರಿಂದ ಅದೇ ಹೆಸರು. ಕಾರ್ಡುಗಳ ಮೇಲೆ ಬೇರೆ ಬೇರೆ ಬಣ್ಣದ, ಆಕಾರದ, ಸಂಖ್ಯೆಯ ಗುರುತುಗಳಿರುತ್ತವೆ. ಹೊಂದಿಸಿ ಇಡಬೇಕು. ಯಾವುದರ ಮೇಲೆ ಹೊಂದಿಸಬೇಕೆಂದು ಹೇಳುವುದಿಲ್ಲ; ಇಟ್ಟ ಮೇಲೆ ‘ಸರಿ’, ‘ತಪ್ಪು’ ಅಷ್ಟೇ. ಬಣ್ಣದ ಲೆಕ್ಕ ಎಂದು ಪತ್ತೆ ಹಚ್ಚಿ ಸತತ ಹತ್ತು ಸಲ ಸರಿ ಇಟ್ಟರೆ, ಪರೀಕ್ಷೆ ಮಾಡುವವರು ಮೆಲ್ಲಗೆ ನಿಯಮ ಬದಲಿಸಿಬಿಡುತ್ತಾರೆ. ಈಗ ಆಕಾರದ ಲೆಕ್ಕ. ಬಹುತೇಕರು ಎರಡು ಮೂರು ಸಲ ತಪ್ಪಿ ‘ಓಹೋ, ಆಟ ಬದಲಾಯಿತು’ ಎಂದು ಹೊರಳುತ್ತಾರೆ. ಈ ತೊಂದರೆ ಇದ್ದವರು ‘ತಪ್ಪು, ತಪ್ಪು’ ಎಂದು ಎಷ್ಟು ಸಲ ಕೇಳಿದರೂ ಬಣ್ಣವನ್ನೇ ಹಿಡಿದಿರುತ್ತಾರೆ. ಮೊಂಡುತನದಿಂದ ಹಾಗೆ ಮಾಡುತ್ತಾರೆಂದು ನೋಡಿದವರಿಗೆ ಅನಿಸಬಹುದು. ಬಿಡಲು ಅವರಿಗೆ ಆಗುವುದಿಲ್ಲ.

ಕಾಳು ಆರಿಸುವುದೂ ಚಿಕಿತ್ಸೆ

ಕಾಲಿಗೆ ಪೆಟ್ಟಾದವನನ್ನು ನಡೆಸಿ ನಡೆಸಿ ರೂಢಿ ಮಾಡಿಸುವಂತೆ ಬುದ್ಧಿಗೂ ಮಾಡಿಸಬಹುದೇ? ಎರಡನೇ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೋವಿಯತ್ ಸೈನಿಕರ ನಡುವೆ ಕೆಲಸ ಮಾಡಿದ ಅಲೆಕ್ಸಾಂಡರ್ ಲೂರಿಯಾ ಅವರು ಮಾಡಿಸಬಹುದೆಂದು ತೋರಿಸಿದರು. ಮಾನಸಿಕ ರೋಗಿಗಳಿಗೆ ಅದನ್ನು ಹೊಂದಿಸಿದ್ದು ಎಷ್ಟೋ ವರ್ಷಗಳ ನಂತರ. ಆಸ್ಟ್ರೇಲಿಯಾದ ಆನ್ ಡೆಲಾಹಂಟಿ ಮತ್ತು ರಾಡ್ ಮೋರಿಸ್ 1993ರ ಹೊತ್ತಿಗೆ ಒಂದು ಕ್ರಮ ರೂಪಿಸಿದರು. ಅದರ ಮೊದಲ ಪಾಠವೇ ಬುದ್ಧಿ ಹೊರಳಿಸುವುದು. ನೆನಪು, ಯೋಜನೆ ಅದರ ನಂತರ. ಲಂಡನ್ನಿನ ಟಿಲ್ ವೈಕ್ಸ್ ಅದನ್ನು ಮುಂದುವರಿಸಿದರು.

ಪಾಠಗಳು ನೋಡಲು ಮಕ್ಕಳಾಟದಂತೆ ಇವೆ. ಹಾಳೆಯ ತುಂಬ ಅಂಕಿಗಳು. ಬೆಸ ಸಂಖ್ಯೆಗಳನ್ನು ಹೊಡೆಯುತ್ತ ಹೋಗಬೇಕು. ‘ಈಗ ಸಮ’ ಎಂದ ಕೂಡಲೇ ಸಮ ಸಂಖ್ಯೆಗೆ ಹೊರಳಬೇಕು. ಒಮ್ಮೆ ನೋಡಿದರೆ ಹೂದಾನಿ, ಇನ್ನೊಮ್ಮೆ ನೋಡಿದರೆ ಎದುರುಬದುರಾದ ಎರಡು ಮುಖ ಕಾಣುವ ಚಿತ್ರ. ಕಲಿಸುವವರು ಪಕ್ಕದಲ್ಲೇ ಕೂತು, ಸುಲಭದಿಂದ ಶುರು ಮಾಡಿ, ತಪ್ಪು ಆದಷ್ಟು ಆಗದ ಹಾಗೆ ನಡೆಸುತ್ತಾರೆ. ಮಾಡುವಾಗ ‘ಈಗ ನಾನು ಏನು ಮಾಡಬೇಕು’ ಎಂದು ಮೊದಲು ಬಾಯಿಬಿಟ್ಟು, ಆಮೇಲೆ ಮನಸ್ಸಿನಲ್ಲೇ ಹೇಳಿಕೊಳ್ಳಲು ಕಲಿಸುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಶೋಭಿನಿ ರಾವ್ ಮತ್ತು ಜೊತೆಗಾರರು ಇದನ್ನು ನಮ್ಮ ಮನೆಗಳಿಗೆ ಹೊಂದುವಂತೆ ಬೆಳೆಸಿದರು. ಅವರ ಪಾಠಗಳಲ್ಲಿ ಒಂದನ್ನು ಕೇಳಿದರೆ ಯಾವ ಅಜ್ಜಿಯಾದರೂ ನಕ್ಕಾಳು: ಕಲಸಿದ ಕಾಳುಗಳನ್ನು ಬೇರೆ ಬೇರೆ ಮಾಡುವುದು! ಇದು ಗಮನ ನಿಲ್ಲಿಸುವ ಅಭ್ಯಾಸ. ಹಾಳೆಯಲ್ಲಿ ಹೇಳಿದ ಅಕ್ಷರ ಹುಡುಕಿ ಹೊಡೆಯುವುದು ಇನ್ನೊಂದು. ಅಭ್ಯಾಸ ಪಳಗಿದಂತೆ ಹಂತಹಂತವಾಗಿ ಕಷ್ಟ ಹೆಚ್ಚಿಸುತ್ತಾರೆ.

ಇದೇ ಸಂಸ್ಥೆಯ ಡಾ. ಶಾಂತಲಾ ಹೆಗಡೆ, ಶೋಭಿನಿ ರಾವ್ ಮೊದಲಾದವರು ಆಗಷ್ಟೇ ಸ್ಕಿಜೋಫ್ರೇನಿಯಾ ಶುರುವಾಗಿದ್ದ 45 ಜನರ ಮೇಲೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. 22 ಜನರಿಗೆ ಮಾಮೂಲು ಚಿಕಿತ್ಸೆಯ ಜೊತೆ ಎರಡು ತಿಂಗಳು ಮನೆಯಲ್ಲೇ ಮಾಡುವ ಅಭ್ಯಾಸ ಕೊಟ್ಟರು, 23 ಜನರಿಗೆ ಮಾಮೂಲು ಚಿಕಿತ್ಸೆ ಮಾತ್ರ. ಅಭ್ಯಾಸ ಮಾಡಿದವರಲ್ಲಿ ಏಕಕಾಲಕ್ಕೆ ಎರಡು ಕಡೆ ಗಮನ ಕೊಡುವುದು, ನಿಯಮ ಬದಲಾದಾಗ ಹೊರಳುವುದು, ಯೋಜನೆ ಹಾಕುವುದು ಸುಧಾರಿಸಿದ್ದು ಕಂಡಿತು. ಆದರೆ ಆರು ತಿಂಗಳ ಪರೀಕ್ಷೆಯವರೆಗೆ ಉಳಿದವರು ಎರಡೂ ಗುಂಪು ಸೇರಿ ಅರ್ಧದಷ್ಟು ಜನ ಮಾತ್ರ. ಇನ್ನೂ ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದು ಸಂಶೋಧಕರೇ ಬರೆದಿದ್ದಾರೆ.

ಬೇರೆ ದೇಶಗಳ ಲೆಕ್ಕ ದೊಡ್ಡದು. 2011ರಲ್ಲಿ ವೈಕ್ಸ್ ಮತ್ತು ಸಂಗಡಿಗರು 40 ಅಧ್ಯಯನಗಳ 2,104 ರೋಗಿಗಳ ಫಲಿತಾಂಶ ಒಟ್ಟುಗೂಡಿಸಿ ನೋಡಿದರು. ಬುದ್ಧಿಶಕ್ತಿಯ ಮೇಲೆ ಸಾಧಾರಣದಿಂದ ಮಧ್ಯಮ ಮಟ್ಟದ ಲಾಭ ಸಿಕ್ಕಿತು. ಗಮನಿಸಬೇಕಾದ್ದು ಇನ್ನೊಂದು: ಬರೇ ಹಾಳೆಯ ಮೇಲಿನ ಅಭ್ಯಾಸಕ್ಕಿಂತ, ಅದರ ಜೊತೆಗೆ ಕೆಲಸ ಕಲಿಸುವ ಪುನರ್ವಸತಿಯೂ ಇದ್ದಾಗ ದಿನದ ಬದುಕಿನಲ್ಲಿ ಹೆಚ್ಚು ಸುಧಾರಣೆ ಕಂಡಿತು. ಕಾಳು ಆರಿಸಲು ಕಲಿತವನು ಹೊಲಕ್ಕೂ ಹೋಗಬೇಕು ಎಂದ ಹಾಗಾಯಿತು.

ಹತ್ತಿ ನೋಡುವ ಕೈ

ಬುದ್ಧಿ ಹೊರಳದಿರುವುದಕ್ಕೆ ಇನ್ನೊಂದು ಮುಖವಿದೆ. ಅದು ತೀರ್ಮಾನದ ಆತುರ. ಎದುರಿಗೆ ಇಬ್ಬರು ನಕ್ಕರೆ ‘ನನ್ನನ್ನೇ ನೋಡಿ ನಕ್ಕರು’, ಅಷ್ಟೇ, ಮುಗಿಯಿತು.

ಇದಕ್ಕೂ ಒಂದು ಪರೀಕ್ಷೆಯಿದೆ. ಎರಡು ಜಾಡಿ. ಒಂದರಲ್ಲಿ ಒಂದು ಬಣ್ಣದ ಮಣಿ ಹೆಚ್ಚು, ಇನ್ನೊಂದರಲ್ಲಿ ಬೇರೆ ಬಣ್ಣದ್ದು ಹೆಚ್ಚು. ಯಾವುದೋ ಒಂದು ಜಾಡಿಯಿಂದ ಒಂದೊಂದೇ ಮಣಿ ತೆಗೆದು ತೋರಿಸುತ್ತಾರೆ. ಯಾವ ಜಾಡಿ ಎಂದು ಹೇಳಲು ಎಷ್ಟು ಬೇಕಾದರೂ ಮಣಿ ನೋಡಬಹುದು. 1988ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದರಿಂದ ಹಿಡಿದು ಇಲ್ಲಿಯವರೆಗೆ ಮತ್ತೆ ಮತ್ತೆ ಕಂಡದ್ದು ಇದು: ಭ್ರಮೆಯ ನಂಬಿಕೆ ಇರುವವರಲ್ಲಿ ಅನೇಕರು ಒಂದೆರಡು ಮಣಿ ನೋಡಿದ ಕೂಡಲೇ ಖಚಿತವಾಗಿ ಹೇಳಿಬಿಡುತ್ತಾರೆ.

ಹತ್ತಿ ವ್ಯಾಪಾರದವರು ಹೀಗೆ ಮಾಡಿದರೆ ಒಂದೇ ಹಂಗಾಮಿನಲ್ಲಿ ದಿವಾಳಿ. ಮೇಲಿನ ಹಿಡಿ ಬೆಳ್ಳಗಿದೆ ಎಂದು ಯಾರೂ ರೇಟು ಕೂಗುವುದಿಲ್ಲ. ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ ಎಳೆದು, ಎಳೆಯ ಉದ್ದ ನೋಡಿ, ಹಸಿ ಇದೆಯೋ ಒಣಗಿದೆಯೋ ನೋಡಿ, ಆಮೇಲೆ ಮಾತು. ಜರ್ಮನಿಯ ಹ್ಯಾಂಬರ್ಗ್‌ನ ಸ್ಟೆಫೆನ್ ಮೋರಿಟ್ಸ್ ಮತ್ತು ಸಂಗಡಿಗರು ರೂಪಿಸಿದ ಗುಂಪು ತರಬೇತಿಯಲ್ಲಿ ಕಲಿಸುವುದೂ ಹೆಚ್ಚುಕಡಿಮೆ ಇದನ್ನೇ. ಚಿತ್ರ ತೋರಿಸಿ ‘ಇಲ್ಲಿ ಏನು ನಡೆದಿದೆ?’ ಎಂದು ಕೇಳಿ, ಒಂದೇ ಉತ್ತರಕ್ಕೆ ನಿಲ್ಲದೆ ಎರಡು, ಮೂರು ಸಾಧ್ಯತೆ ಯೋಚಿಸಲು ಹೇಳುತ್ತಾರೆ. ‘ನಿನ್ನ ನಂಬಿಕೆ ಸುಳ್ಳು’ ಎಂದು ವಾದಕ್ಕೆ ಇಳಿಯುವುದಿಲ್ಲ. ಮನೆಯವರು ಈ ಒಂದು ಮಾತನ್ನಾದರೂ ಹಿಡಿದುಕೊಳ್ಳುವುದು ಒಳ್ಳೆಯದು. ‘ಹುಚ್ಚ, ಯಾರೂ ನಿನಗ ನಗಲಿಲ್ಲ ಸುಮ್ನಿರು’ ಎಂದು ಗದರಿದರೆ ಅವನ ನಂಬಿಕೆ ಇನ್ನೂ ಬಿಗಿಯಾಗುವುದೇ ಹೆಚ್ಚು. ‘ಮತ್ತ ಯಾತಕ್ಕ ನಕ್ಕಿರಬಹುದಪ್ಪ?’ ಎಂದು ಕೇಳಿದರೆ ಮಾತಿಗಾದರೂ ಜಾಗ ಉಳಿಯುತ್ತದೆ.

ಗಡಿಯ ಗೆರೆ

ಬೆಂಗಳೂರಿನ ಮಾತು ನಮಗೇಕೆ ಎಂದು ಕೇಳುವವರಿಗೆ ಹಳೆಯ ಕಥೆಯೊಂದನ್ನು ನೆನಪಿಸಬೇಕು. ಆದೋನಿ, ಹಿರಿಯರ ಬಾಯಲ್ಲಿ ಆದವಾನಿ, ಹಳೆಯ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಮೂರೂ ಆಂಧ್ರಕ್ಕೆ ಬಂದವು. ಬಳ್ಳಾರಿ ಮೈಸೂರಿಗೆ ಹೋಯಿತು.

1985ರಲ್ಲಿ ನಿಮ್ಹಾನ್ಸ್ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ದೊಡ್ಡ ಪ್ರಯೋಗಕ್ಕೆ ಆರಿಸಿಕೊಂಡದ್ದು ಇದೇ ಬಳ್ಳಾರಿ ಜಿಲ್ಲೆಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಚಿತ್ತವಿಕಲತೆ, ಖಿನ್ನತೆ, ಮೂರ್ಛೆರೋಗದಂಥವನ್ನು ಅಲ್ಲಿಯೇ ಗುರುತಿಸಿ, ಬೇಕಾದ ಕೆಲವೇ ಔಷಧಗಳನ್ನು ಅಲ್ಲಿಯೇ ಕೊಡುವ ಏರ್ಪಾಟು ಆಯಿತು. 1990ರವರೆಗೆ ನಡೆದ ಈ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ದೇಶದ ನಾಲ್ಕು ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು. ಅವಿಭಜಿತ ಆಂಧ್ರಕ್ಕೆ ಸಿಕ್ಕ ಜಿಲ್ಲೆ ಮೆದಕ್, ಅದು ಈಗ ತೆಲಂಗಾಣದಲ್ಲಿದೆ. ಹೀಗೆ ಬಳ್ಳಾರಿ ಮಾದರಿ ಬಳ್ಳಾರಿಯಿಂದ ದಿಲ್ಲಿಗೆ, ದಿಲ್ಲಿಯಿಂದ ಮೆದಕ್‌ಗೆ ಸುತ್ತು ಹಾಕಿತೇ ವಿನಾ, ಗಡಿಯ ಗೆರೆಯ ಈಚೆ ಇದ್ದ ಆಲೂರು ಆ ಹೊತ್ತಿಗೆ ಅದರ ಲೆಕ್ಕದಲ್ಲಿ ಇರಲಿಲ್ಲ. ಎರಡೂ ಕಡೆ ಬೀಗರಿದ್ದಾರೆ, ಎರಡೂ ಕಡೆ ಹೊಲ ಇದ್ದವರಿದ್ದಾರೆ. ಗೆರೆ ಎಳೆದವರು ರೋಗದ ಲೆಕ್ಕ ಹಾಕಿರಲಿಲ್ಲ ಎನ್ನುವುದು ಬೇರೆ ಮಾತು.

ಭಾಷೆಯ ತೊಡಕೂ ಇದೆ. ಬುದ್ಧಿಗೆ ಅಭ್ಯಾಸ ಕೊಡುವಾಗ ಪದಗಳ ಪಟ್ಟಿ, ಕಥೆ, ಅಕ್ಷರ ಬೇಕಾಗುತ್ತವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿತ ಹುಡುಗನಿಗೆ ಯಾವ ಅಕ್ಷರ ಕೊಡಬೇಕು? ಕನ್ನಡ ಮಾಧ್ಯಮದಲ್ಲಿ ಓದಿದವರಿದ್ದಾರೆ, ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವರಿದ್ದಾರೆ. ತನಗೆ ಹತ್ತಿರವಲ್ಲದ ಭಾಷೆಯಲ್ಲಿ ಪರೀಕ್ಷೆ ಮಾಡಿದರೆ ಇರುವ ಬುದ್ಧಿಯೂ ಕಡಿಮೆ ಕಾಣುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿ ‘ಇವನು ಯೋಚನೆ ಮಾಡೋದು ಕನ್ನಡದಾಗ’ ಎಂದು ಮೊದಲೇ ಹೇಳಿಬಿಡಬೇಕು. ಸಂಕೋಚ ಬೇಡ. ಕಾಳಿಗೆ, ಬಣ್ಣಕ್ಕೆ, ಎಣಿಕೆಗೆ ಈ ತೊಂದರೆ ಅಷ್ಟಿಲ್ಲ.

ಮನೆಯಲ್ಲಿ ಮಾಡಬಹುದಾದ್ದು

ಗುಳಿಗೆ ಮೊದಲು, ಅಭ್ಯಾಸ ಆಮೇಲೆ. ಗುಳಿಗೆ ಬಿಟ್ಟು ಕಾಳು ಆರಿಸಿದರೆ ಏನೂ ಪ್ರಯೋಜನವಿಲ್ಲ. ಪ್ರಮಾಣ ಕಡಿಮೆ ಮಾಡುವುದಿದ್ದರೂ ವೈದ್ಯರೇ ಮಾಡಬೇಕು. ಹರಕೆಗೆ ಯಾರೂ ಅಡ್ಡಿ ಹೇಳುವುದಿಲ್ಲ. ಮಂತ್ರಾಲಯಕ್ಕೆ ಹೋಗುವಾಗಲೂ ಗುಳಿಗೆಯ ಪೊಟ್ಟಣ ಚೀಲದಲ್ಲಿರಲಿ.

ಕಟ್ಟಿಹಾಕುವುದು ಮಾತ್ರ ಸಲ್ಲದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಶಾಸ್ತ್ರೀಯ ತರಬೇತಿಯನ್ನು ಪರಿಣತರೇ ಕೊಡಬೇಕು. ಆದರೆ ಅದರ ದಾರಿಯಲ್ಲಿ ಮನೆಯವರೂ ನಡೆಯಬಹುದು. ‘ಹೋಗಿ ಹೊಲದ ಕೆಲಸ ನೋಡು’ ಎನ್ನುವುದು ಅವನ ಪಾಲಿಗೆ ಹತ್ತು ಕೆಲಸ. ‘ಈ ಎರಡು ಸಾಲು ಕಳೆ ತೆಗಿ, ಆಮ್ಯಾಲೆ ನನ್ನ ಕರಿ’ ಎಂದರೆ ಒಂದು ಕೆಲಸ. ಅದು ನಾಲ್ಕು ದಿನ ಸರಿಯಾಗಿ ನಡೆದ ಮೇಲೆ ಮೂರು ಸಾಲು. ಅಂಗಡಿಯಲ್ಲಾದರೆ ಮೊದಲು ಪೊಟ್ಟಣ ಕಟ್ಟುವುದು ಮಾತ್ರ, ಚಿಲ್ಲರೆ ಎಣಿಸುವುದು ಆಮೇಲೆ, ಗಿರಾಕಿ ಜೊತೆ ಮಾತು ಕೊನೆಗೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಿಸುವಾಗ ಮುಂಚೆಯೇ ಹೇಳಿ. ಸಂಜೆ ಮೊರದಲ್ಲಿ ತೊಗರಿ, ಕಡಲೆ, ಸಜ್ಜೆ ಕಲಸಿ ಕೊಟ್ಟು, ಇವತ್ತು ತೊಗರಿ ತೆಗಿ, ನಾಳೆ ಕಡಲೆ ತೆಗಿ, ಆಮೇಲೆ ನಡುವೆಯೇ ಬದಲಿಸು ಎನ್ನಬಹುದು. ಅವನಿಗೆ ಅದು ಅವಮಾನ ಅನಿಸದ ಹಾಗೆ ಮಾಡಬೇಕು. ಜೊತೆಗೆ ಇನ್ನೊಬ್ಬರು ಕೂತು ಆರಿಸಿದರೆ ಒಳಿತು. ಮಗಳಾಗಿದ್ದರೂ ಇದೇ. ನಮ್ಮ ಕಡೆ ಹೆಣ್ಣುಮಕ್ಕಳ ಮಂಕುತನವನ್ನು ‘ಸುಮ್ನಿರ್ತಾಳ, ತೊಂದ್ರಿ ಇಲ್ಲ’ ಎಂದು ಬಿಟ್ಟುಬಿಡುವ ರೂಢಿ ಜಾಸ್ತಿ. ಅದಕ್ಕೇ ಇದನ್ನು ಬೇರೆಯಾಗಿ ಹೇಳಬೇಕಾಯಿತು.

ಸುಗ್ಗಿಗೆ ಹೊರಡುವ ಮನೆಗಳ ಸಂಗತಿಯೇ ಬೇರೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಮಂತ್ರಾಲಯ, ಆಲೂರು ಕಡೆಯಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಗಾರೆ ಕೆಲಸಕ್ಕೆ ಬೆಂಗಳೂರಿಗೆ ಊರಿಗೆ ಊರೇ ಹೋಗುತ್ತದೆ. ಗುಳಿಗೆ ತಪ್ಪುವುದು ಇಂಥ ಹೊತ್ತಿನಲ್ಲೇ. ಹೊರಡುವ ಮುಂಚೆ ವೈದ್ಯರಿಗೆ ಇಷ್ಟು ದಿನ ಊರಲ್ಲಿ ಇರುವುದಿಲ್ಲ ಎಂದು ತಿಳಿಸಿ ಅಷ್ಟು ದಿನದ ಗುಳಿಗೆ ಕೇಳಬೇಕು. ಚೀಟಿಯನ್ನು ಕಳೆಯದೆ ಇಟ್ಟುಕೊಂಡರೆ ಗುಂಟೂರಿನ ಸರ್ಕಾರಿ ಆಸ್ಪತ್ರೆಯಲ್ಲೂ ತೋರಿಸಬಹುದು.

ಕರ್ನೂಲಿನ ಸರ್ಕಾರಿ ಸರ್ವಜನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಆದೋನಿಯಿಂದ ಸುಮಾರು ನೂರು ಕಿಲೋಮೀಟರ್. ಆಲೂರು, ಹೊಳಗುಂದದವರಿಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ. ಬಸ್ ಚಾರ್ಜಿಗೂ ಮುಂಚೆ ಒಂದು ಫೋನ್ ಮಾಡಿ ನೋಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ದೇಶದಾದ್ಯಂತ ಅದು ಮಾತಾಡುವ ಇಪ್ಪತ್ತು ಭಾಷೆಗಳಲ್ಲಿ ತೆಲುಗೂ ಇದೆ, ಕನ್ನಡವೂ ಇದೆ. ಫೋನ್ ಮಾಡುವಾಗ ಗುಳಿಗೆಯ ಚೀಟಿ ಕೈಯಲ್ಲಿರಲಿ. ‘ಕೂಗಾಟ ನಿಂತೈತಿ, ಆದ್ರ ಕೆಲಸ ಹತ್ತವಲ್ದು’ ಎಂದು ಇದ್ದದ್ದು ಇದ್ದ ಹಾಗೆ ಹೇಳಿ, ಬುದ್ಧಿಗೆ ಅಭ್ಯಾಸ ಕೊಡುವವರು ಹತ್ತಿರದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಕೇಳಿ.